ಖಡಕ್‌ವಾಸ್ಲಾದ ಬಾಗಿಲು ರೈತರ ಮಕ್ಕಳಿಗೂ ತೆರೆದಿದೆ



ಹದ ತಪ್ಪಿ ಬಿತ್ತಿದರೆ ಬೀಜ ಎಷ್ಟು ಒಳ್ಳೆಯದಾದರೂ ಫಲವಿಲ್ಲ. ಇದು ನಿಮಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಮಕ್ಕಳ ವಿದ್ಯೆಗೂ ಹೀಗೆಯೇ ಒಂದು ಹದವುಂಟು. ಸಿಪಾಯಿಗಳ ಭರ್ತಿ ಎಂದರೆ ನಮ್ಮ ಹಳ್ಳಿಯ ಹುಡುಗರು ಗುಂಪುಗುಂಪಾಗಿ ಹೋಗುತ್ತಾರೆ. ಆದರೆ ಹದಿನೇಳು ಹದಿನೆಂಟರ ವಯಸ್ಸಿನಲ್ಲಿಯೇ ಸೈನ್ಯಾಧಿಕಾರಿಯ ಶಿಕ್ಷಣಕ್ಕೆ ಸೇರಬಹುದೆಂಬುದು ಅನೇಕರಿಗೆ ತಿಳಿಯದು. ತಿಳಿಯುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಆದುದರಿಂದ ಈ ಪಾಠವನ್ನು ಈಗಲೇ ಓದಿರಿ.

ಅಕಾಡೆಮಿ ಎಂದರೇನು?

ಪುಣೆಯ ಸಮೀಪ ಖಡಕ್‌ವಾಸ್ಲಾ ಎಂಬಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. 1949ರ ಅಕ್ಟೋಬರ್ 6ರಂದು ಪಂಡಿತ ನೆಹರೂ ಅವರು ಇದಕ್ಕೆ ಅಡಿಗಲ್ಲನ್ನಿಟ್ಟರು. 1955ರ ಜನವರಿಯಲ್ಲಿ ಇದರ ಪ್ರಾರಂಭೋತ್ಸವವಾಯಿತು. ಭೂಸೇನೆ, ನೌಕಾಪಡೆ, ವಾಯುಪಡೆ ಈ ಮೂರಕ್ಕೂ ಸೇರಲಿರುವ ತರುಣರು ಇಲ್ಲಿ ಮೂರು ವರ್ಷ ಒಂದೇ ಕಡೆ ಓದಿ, ಆಡಿ, ಕವಾಯತು ಕಲಿತು ಪದವಿ ಪಡೆಯುತ್ತಾರೆ. ಅನಂತರ ಭೂಸೇನೆಯವರು ಡೆಹರಾಡೂನಿಗೂ, ನೌಕಾಪಡೆಯವರು ಕೇರಳದ ಎಳಿಮಲೆಗೂ, ವಾಯುಪಡೆಯವರು ಹೈದರಾಬಾದಿನ ಹತ್ತಿರದ ದುಂಡಿಗಲ್ಲಿಗೂ ಹೋಗಿ ಮುಂದಿನ ತರಬೇತಿ ಮುಗಿಸಿ ಅಧಿಕಾರಿಗಳಾಗುತ್ತಾರೆ.

ಹೆಣ್ಣುಮಕ್ಕಳಿಗೂ ಈಗ ಪ್ರವೇಶವುಂಟು. 2021ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದಿಂದ ಅವರಿಗೆ ಪರೀಕ್ಷೆ ತೆರೆಯಿತು. 2025ರ ಮೇ ತಿಂಗಳಲ್ಲಿ ಮೊದಲ ತಂಡದ 17 ಹುಡುಗಿಯರು ಅಲ್ಲಿಂದ ತೇರ್ಗಡೆಯಾಗಿ ಹೊರಬಂದರು.

ತಂದೆತಾಯಿಗಳು ಮೊದಲೇ ನೋಡಬೇಕಾದ ನಾಲ್ಕು ಸಂಗತಿಗಳು

1. ಹುಟ್ಟಿದ ತಾರೀಖು. ಅಕಾಡೆಮಿಯ ಪಾಠ ಆರಂಭವಾಗುವಾಗ ಅಭ್ಯರ್ಥಿಗೆ ಹದಿನಾರೂವರೆ ವರ್ಷ ತುಂಬಿರಬೇಕು, ಹತ್ತೊಂಬತ್ತೂವರೆ ಮೀರಿರಬಾರದು. ಎಸ್.ಎಸ್.ಎಲ್.ಸಿ. ಪತ್ರದಲ್ಲಿ ಬರೆದ ತಾರೀಖೇ ಪ್ರಮಾಣ. ಜಾತಕ, ಅಫಿಡವಿಟ್ಟು ಯಾವುದೂ ನಡೆಯದು. ಶಾಲೆಗೆ ಸೇರಿಸುವ ದಿನ ಅಂದಾಜಿನ ಮೇಲೆ ಒಂದು ತಾರೀಖು ಬರೆಸಿ ಬರುವ ಅಭ್ಯಾಸ ನಮ್ಮಲ್ಲಿತ್ತು. ಆ ಒಂದು ಗೆರೆಯಿಂದ ಮಗುವಿನ ಒಂದು ವರ್ಷವೇ ಹೋದೀತು. ತಪ್ಪಿದ್ದರೆ ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆಯೇ ಮುಖ್ಯೋಪಾಧ್ಯಾಯರನ್ನು ಕಂಡು, ನಿಜವಾದ ಜನನ ದಾಖಲೆ ತೋರಿಸಿ ಸರಿಪಡಿಸಿಕೊಳ್ಳಿರಿ.

2. ಪಿ.ಯು.ಸಿ.ಯ ವಿಷಯ. ಭೂಸೇನೆಗೆ ಯಾವ ವಿಷಯದಲ್ಲಿ ಪಿ.ಯು.ಸಿ. ಆಗಿದ್ದರೂ ಸರಿ. ನೌಕಾಪಡೆಗೂ ವಾಯುಪಡೆಗೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು. ಎರಡನೆಯ ಪಿ.ಯು.ಸಿ. ಓದುತ್ತಿರುವಾಗಲೇ ಅರ್ಜಿ ಹಾಕಬಹುದು.

3. ಭಾಷೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇರುತ್ತದೆ, ಕನ್ನಡದಲ್ಲಿಲ್ಲ. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕನ್ನಡ ಶಾಲೆಯಲ್ಲಿ ಓದಿದ್ದು ಅಡ್ಡಿಯಲ್ಲ. ಇಂಗ್ಲಿಷನ್ನು ಕೊನೆಗೆ ಬಿಟ್ಟದ್ದು ಅಡ್ಡಿ. ಎಂಟನೆಯ ತರಗತಿಯಿಂದಲೇ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿರಿ.

4. ಮದುವೆ. ಅಭ್ಯರ್ಥಿ ಅವಿವಾಹಿತರಾಗಿರಬೇಕು. ತರಬೇತಿ ಮುಗಿಯುವ ತನಕ ಮದುವೆ ಕೂಡದು. ಹೆಣ್ಣುಮಕ್ಕಳ ಹಿರಿಯರು ಇದನ್ನು ವಿಶೇಷವಾಗಿ ಗಮನಿಸಿರಿ.

ಪರೀಕ್ಷೆಯ ಕ್ರಮ

ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಒಮ್ಮೆ, ಮೇ ತಿಂಗಳ ಕೊನೆಗೆ ಒಮ್ಮೆ ಪ್ರಕಟಣೆ ಬರುತ್ತದೆ. ಗಣಿತಕ್ಕೆ 300 ಅಂಕ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನಕ್ಕೆ 600 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಆದುದರಿಂದ ಗೊತ್ತಿಲ್ಲದ ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಬಾರದು.

ಇದರಲ್ಲಿ ಗೆದ್ದವರನ್ನು ಸೇವಾ ಆಯ್ಕೆ ಮಂಡಲಿಯು ಸುಮಾರು ಐದು ದಿನ ಪರೀಕ್ಷಿಸುತ್ತದೆ. ಇಂಥ ಮಂಡಲಿ ಬೆಂಗಳೂರಿನಲ್ಲಿಯೂ ಇದೆ. ಇದಕ್ಕೂ 900 ಅಂಕ. ಹಲಗೆ, ಹಗ್ಗ, ಮರದ ದಿಮ್ಮಿ ಕೊಟ್ಟು ಅಡೆತಡೆಗಳನ್ನು ದಾಟಿಸಿ ಎಂದು ಎಂಟು ಹತ್ತು ಹುಡುಗರ ಗುಂಪಿಗೆ ಹೇಳುತ್ತಾರೆ. ಯಾರು ಉಪಾಯ ಹುಡುಕುತ್ತಾರೆ, ಯಾರು ಪಕ್ಕದವನಿಗೆ ಹೆಗಲು ಕೊಡುತ್ತಾರೆ ಎಂದು ನೋಡುತ್ತಾರೆ. ಕೆಸರಿನಲ್ಲಿ ಹೂತ ಗಾಡಿಯನ್ನು ನಾಲ್ವರೊಡನೆ ಎತ್ತಿದ ಹುಡುಗನಿಗೆ ಇದು ಹೊಸದಲ್ಲ. ಆದರೆ ತನ್ನ ಮನಸ್ಸಿನ ಮಾತನ್ನು ನಾಲ್ಕು ಜನರೆದುರು ಅಂಜದೆ ಹೇಳುವುದನ್ನು ಅವನು ಕಲಿಯಬೇಕು. ಮನೆಯಲ್ಲಿ ಹಿರಿಯರು ಮಾತಾಡುವಾಗ "ನೀನು ಸುಮ್ಮನಿರು" ಎಂದು ಗದರಿಸುವ ಬದಲು, ಅವನ ಅಭಿಪ್ರಾಯವನ್ನೂ ಕೇಳಿರಿ.

ಕೊನೆಗೆ ವೈದ್ಯರು ನೋಡುತ್ತಾರೆ. ಹುಳುಕು ಹಲ್ಲು, ಕಿವಿಯ ಗುಗ್ಗೆ ಮೊದಲಾದುವಕ್ಕೆ ಮುಂಚಿತವಾಗಿಯೇ ಚಿಕಿತ್ಸೆ ಮಾಡಿಸಿರಿ.

ಖರ್ಚಿನ ವಿಚಾರ

ಅಕಾಡೆಮಿಯಲ್ಲಿ ವಸತಿ, ಊಟ, ಪುಸ್ತಕ, ಸಮವಸ್ತ್ರ, ವೈದ್ಯಕೀಯ ಎಲ್ಲವೂ ಸರ್ಕಾರದ್ದು. ಕೈಖರ್ಚಿನ ಹಣ ಮಾತ್ರ ಮನೆಯಿಂದ ಹೋಗಬೇಕು. ಕಡಿಮೆ ಆದಾಯದವರಿಗೆ ಅದಕ್ಕೂ ಸಹಾಯ ಸಿಗುತ್ತದೆ. ಆದರೆ ಒಂದು ಮಾತು. ಸೇರುವಾಗ ತಂದೆ ಮುಚ್ಚಳಿಕೆ ಬರೆದುಕೊಡಬೇಕು. ಹುಡುಗನು ತನ್ನ ಇಷ್ಟದಿಂದ ನಡುವೆ ಬಿಟ್ಟು ಬಂದರೆ ತರಬೇತಿಯ ಖರ್ಚನ್ನು ಹಿಂದಕ್ಕೆ ಕೊಡಬೇಕಾಗುತ್ತದೆ. ಆದುದರಿಂದ ನಿಮ್ಮ ಹಟಕ್ಕಾಗಿ ಒಲ್ಲದ ಮಗನನ್ನು ಕಳುಹಿಸಬೇಡಿರಿ. "ಸೀಟು ಕೊಡಿಸುತ್ತೇನೆ" ಎಂದು ಬರುವ ದಲ್ಲಾಳಿಗೆ ಒಂದು ಕಾಸೂ ಕೊಡಬೇಡಿರಿ. ಈ ಸೀಟು ಮಾರಾಟಕ್ಕಿಲ್ಲ.

ಚಿಕ್ಕ ಮಕ್ಕಳಿದ್ದರೆ ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳನ್ನು ನೆನೆಯಿರಿ. ಅಲ್ಲಿ 6 ಮತ್ತು 9ನೆಯ ತರಗತಿಗೆ ಸೇರಬಹುದು. ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು.

ಲಕ್ಷಾಂತರ ಜನ ಅರ್ಜಿ ಹಾಕುತ್ತಾರೆ. ಒಂದು ಸಲಕ್ಕೆ ಆರಿಸುವುದು ಸುಮಾರು 400 ಜನರನ್ನು. ಸಿಗದಿದ್ದರೆ ಅವಮಾನವಿಲ್ಲ, ವಯಸ್ಸಿರುವ ತನಕ ಮತ್ತೆ ಬರೆಯಬಹುದು. ಕಲಿತ ಗಣಿತವೂ ಇಂಗ್ಲಿಷೂ ಎಲ್ಲಿಗೆ ಹೋದರೂ ಕೈಬಿಡವು.

ಓದಬಲ್ಲವರು ಇದನ್ನು ಓದಲಾರದವರಿಗೆ ಓದಿ ಹೇಳಿರಿ. ಬಳಿಕ ಈ ಪ್ರಶ್ನೆಗಳನ್ನು ಕುರಿತು ಮನೆಯಲ್ಲಿ ಮಾತಾಡಿಕೊಳ್ಳಿರಿ:

1. ನಿಮ್ಮ ಮಗುವಿನ ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ತಾರೀಖು ಸರಿಯೇ?
2. ಮೂರು ಪಡೆಗಳಿಗೂ ಅರ್ಹತೆ ಬರಬೇಕಾದರೆ ಪಿ.ಯು.ಸಿ.ಯಲ್ಲಿ ಯಾವ ವಿಷಯಗಳನ್ನು ಓದಬೇಕು?
3. ಮುಚ್ಚಳಿಕೆಗೆ ರುಜು ಹಾಕುವ ಮೊದಲು ಮಗನನ್ನು ಅಥವಾ ಮಗಳನ್ನು ಏನು ಕೇಳಬೇಕು?