ಬ್ಯಾಟರಿಯ ಆಯವ್ಯಯ

ವಿದ್ಯುತ್ ಕಂಬಗಳು ತಲುಪದ ಮಲೆನಾಡಿನ ಒಂಟಿಮನೆಯೊಂದನ್ನು ಊಹಿಸಿಕೊಳ್ಳೋಣ. ಹಗಲಿನಲ್ಲಿ ಸೌರಫಲಕವು ಬ್ಯಾಟರಿಯನ್ನು ತುಂಬುತ್ತದೆ. ರಾತ್ರಿ ಇನ್ವರ್ಟರು ಬ್ಯಾಟರಿಯ 12 ವೋಲ್ಟಿನ ಏಕಮುಖ ಪ್ರವಾಹವನ್ನು 230 ವೋಲ್ಟಿನ ಪರ್ಯಾಯ ಪ್ರವಾಹವನ್ನಾಗಿ ಮಾರ್ಪಡಿಸುತ್ತದೆ. ಅದು ಶಕ್ತಿಯ ರೂಪವನ್ನು ಬದಲಿಸಬಲ್ಲುದೇ ಹೊರತು ಶಕ್ತಿಯನ್ನು ಸೃಷ್ಟಿಸಲಾರದು. ಆದುದರಿಂದ ಲೆಕ್ಕವಿಲ್ಲದೆ ನಡೆದರೆ ನಡುರಾತ್ರಿಯ ಕತ್ತಲೆಯೇ ಗತಿ.

ಬ್ಯಾಟರಿಯು ಸೀಸ-ಆಮ್ಲದ್ದು, ಅದರ ಧಾರಣೆ 150 ಆಂಪೇರ್-ಗಂಟೆ ಎಂದಿಟ್ಟುಕೊಳ್ಳೋಣ. 12 × 150 = 1800 ವಾಟ್-ಗಂಟೆ. ಪದೇ ಪದೇ ಪೂರ್ತಿ ಬರಿದು ಮಾಡಿದರೆ ಸೀಸದ ತಗಡುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ನೆಲಸಿ ಬ್ಯಾಟರಿಯ ಆಯುಸ್ಸು ಕುಂದುತ್ತದೆ. ಅರ್ಧವನ್ನು, ಎಂದರೆ 900 ವಾಟ್-ಗಂಟೆಯನ್ನು ಮಾತ್ರ ಬಳಸುವುದು ಲೇಸು. ಇನ್ವರ್ಟರಿನ ದಕ್ಷತೆ ಶೇಕಡಾ 85 ಆದರೆ ನಮಗೆ ದೊರೆಯುವುದು 765. ತಲಾ 9 ವಾಟಿನ 3 ದೀಪಗಳು, 50 ವಾಟಿನ ಒಂದು ಫ್ಯಾನು, ಒಟ್ಟು 77 ವಾಟು. ಇವು ಸುಮಾರು 10 ಗಂಟೆ ನಡೆಯುತ್ತವೆ. ಒಂದು ರಾತ್ರಿಗೆ ಸಾಕು.

ಇವುಗಳ ಬದಲು 750 ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಜೋಡಿಸಿದರೆ? 230 ವೋಲ್ಟಿನ ಕಡೆ ಹರಿಯುವುದು ಸುಮಾರು 3.3 ಆಂಪೇರು. ಬ್ಯಾಟರಿಯ ಕಡೆಯಲ್ಲಾದರೋ 750 ÷ 0.85 ÷ 12, ಎಂದರೆ ಸುಮಾರು 74 ಆಂಪೇರು! ರಾತ್ರಿಯ ಶಕ್ತಿಯೆಲ್ಲ ಹೆಚ್ಚೆಂದರೆ ಒಂದು ಗಂಟೆಯಲ್ಲಿ ತೀರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ಬ್ಯಾಟರಿಗೂ ಇನ್ವರ್ಟರಿಗೂ ನಡುವಣ ತಂತಿಯು ದಪ್ಪವೂ ಗಿಡ್ಡವೂ ಆಗಿರಬೇಕು. ಬ್ಯಾಟರಿಯ ಬಳಿಯಲ್ಲೇ ಫ್ಯೂಸು ಇರಬೇಕು.

ಕಣ್ಣಿಗೆ ಕಾಣದ ವ್ಯಯವೂ ಒಂದುಂಟು. ಯಾವ ಉಪಕರಣವೂ ನಡೆಯದಿದ್ದಾಗ ಇನ್ವರ್ಟರು 10 ವಾಟನ್ನು ಸೆಳೆಯುತ್ತಿದ್ದರೆ, ಹಗಲಿನ 14 ಗಂಟೆಗಳಲ್ಲಿ 140 ವಾಟ್-ಗಂಟೆ ವ್ಯರ್ಥ. ರಾತ್ರಿಯ ಒಂದೂವರೆ ಗಂಟೆಯ ಬಳಕೆ ನಷ್ಟವಾದಂತೆ. ಬೇಡವಾದಾಗ ಅದನ್ನು ಆರಿಸಬೇಕು. ಮುಂಗಾರಿನ ಮೋಡದಲ್ಲಿ ಆದಾಯ ಕುಗ್ಗಿದಾಗ ಈ ಉಳಿತಾಯವೇ ದೀಪವನ್ನು ಕಾಯುತ್ತದೆ.