ಸೇವಂತಿಗೆಗೆ ಕತ್ತಲು ಬಿಡಿ

ಅಂಗಳದ ಸೇವಂತಿಗೆ ಸೊಂಪಾಗಿ ಬೆಳೆದೂ ಮೊಗ್ಗು ಬಿಡುತ್ತಿಲ್ಲವೇ? ಗೊಬ್ಬರವನ್ನು ದೂರುವ ಮೊದಲು ತಲೆ ಎತ್ತಿ ಜಗಲಿಯ ಬಲ್ಬು ನೋಡಿ. ಈ ಗಿಡ ಹೂವಿಗೆ ಕಾಯುವುದು ಉದ್ದನೆಯ ರಾತ್ರಿಗಾಗಿ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟರಲ್ಲೇ ಗಿಡ ಕಾಲ ಅಳೆಯುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಅದರ ಲೆಕ್ಕ ತಪ್ಪುತ್ತದೆ, ಎಲೆಯನ್ನಷ್ಟೇ ಹೊರಡಿಸುತ್ತಾ ಹೋಗುತ್ತದೆ.

ಚಿಕ್ಕಬಳ್ಳಾಪುರದ ಬೆಳೆಗಾರರು ರಾತ್ರಿ ಹೊಲದಲ್ಲಿ ಬಲ್ಬು ಉರಿಸುವುದು ಬೇಕೆಂದೇ. ಗಿಡ ಎತ್ತರಕ್ಕೆ ಬಂದ ಮೇಲೆ ಬಲ್ಬು ಆರಿಸಿ, ಹಬ್ಬದ ಮಾರುಕಟ್ಟೆಗೆ ಸರಿಯಾಗಿ ಹೂ ತರಿಸುತ್ತಾರೆ. ಆರಿಸುವುದೇ ಅಲ್ಲಿನ ಜಾಣತನ. ಅದನ್ನು ಬಿಟ್ಟು ಗಿಡ ಬೆಳೆಸುವ ದೀಪ (ಗ್ರೋ ಲೈಟ್) ತಂದು ರಾತ್ರಿಯಿಡೀ ಉರಿಸಿದರೆ ಮೆಸ್ಕಾಂ ಬಿಲ್ಲು ಮಾತ್ರ ಅರಳೀತು!

ನವರಾತ್ರಿ ಕಳೆದ ಮೇಲೆ ಕುಂಡಗಳನ್ನು ದಾರಿದೀಪದ ಬೆಳಕು ತಾಗದ ಮಗ್ಗುಲಿಗೆ ಸರಿಸಿ. ಹಗಲು ಚೆನ್ನಾಗಿ ಬಿಸಿಲು ಬೀಳಲಿ. ಬೆಳೆಗಾರರಂತೆ ಮಾಡಲು ಹೋಗಿ ಮನೆಯೊಳಗಿನ ದೀಪವನ್ನು ನಮ್ಮ ಮಳೆಗೆ ಹೊರಗೆ ತೂಗುಹಾಕಬೇಡಿ, ಶಾಕ್ ಹೊಡೆದೀತು.

ಇನ್ನೊಂದು ಮಾತು, ಮನೆಯ ಹುಡುಗರಿಗೆ. ಹೊರದೇಶದ ವಿಡಿಯೋಗಳಲ್ಲಿ ಇದೇ ದೀಪದ ಆಟವನ್ನು ಗಾಂಜಾ ಗಿಡದ ಮೇಲೆ ತೋರಿಸುತ್ತಾರೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಂತೆ ಹಿತ್ತಿಲಲ್ಲಿ ಒಂದೇ ಗಿಡ ಬೆಳೆಸಿದರೂ ಅಪರಾಧ, 10 ವರ್ಷದವರೆಗೂ ಜೈಲು. ಕೈ ತುರಿಸುತ್ತಿದ್ದರೆ ಸೇವಂತಿಗೆ ನೆಡಿ ಮಾರಾಯ್ರೆ.