ದೋಹಾದಲ್ಲಿ ಕ್ಯಾಮೆರಾ ಎತ್ತುವ ಮೊದಲು

ಊರಲ್ಲಿ ಮೊದಲು ಕ್ಲಿಕ್, ಆಮೇಲೆ ಮಾತು. ಕತಾರಿನಲ್ಲಿ ಈ ಕ್ರಮ ತಿರುಗಾಮುರುಗಾ. ಪತ್ರಿಕೆಗೋ ಪ್ರವಾಸ ಲೇಖನಕ್ಕೋ ಅಲ್ಲಿ ಫೋಟೊ ತೆಗೆಯಹೊರಟವರು ಈ ಕೆಲವನ್ನು ತಿಳಿದಿರಬೇಕು.

1. ಸುದ್ದಿಗೋ ಸುತ್ತಾಟಕ್ಕೋ, ಇಲ್ಲೇ ತೀರ್ಮಾನಿಸಿ. ಪ್ರವಾಸಿ ವೀಸಾದಲ್ಲಿ ಇಳಿದು ಕಾರ್ಮಿಕರ ವಸತಿಯ ಮುಂದೆ ಉದ್ದ ಲೆನ್ಸ್ ಹಿಡಿದು ನಿಲ್ಲುವುದನ್ನು ಕೆಲವರು ಧೈರ್ಯ ಅನ್ನುತ್ತಾರೆ. ನಾನು ಅವಿವೇಕ ಅನ್ನುತ್ತೇನೆ. 2021ರ ನವೆಂಬರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಸಿದ್ಧತೆಯ ವರದಿಗೆ ಹೋಗಿದ್ದ ನಾರ್ವೆಯ ಎನ್‌ಆರ್‌ಕೆ ವಾಹಿನಿಯ ಇಬ್ಬರು ಪತ್ರಕರ್ತರನ್ನು 30 ಗಂಟೆಗೂ ಹೆಚ್ಚು ಕಾಲ ಹಿಡಿದಿಟ್ಟಿದ್ದರು. ಅನುಮತಿಯಿಲ್ಲದೆ ಖಾಸಗಿ ಜಾಗದಲ್ಲಿ ಚಿತ್ರೀಕರಿಸಿದರು ಎಂಬುದು ಆರೋಪ. ಅವರ ಪರವಾಗಿ ಅವರ ದೇಶದ ಪ್ರಧಾನಿಯೇ ದನಿಯೆತ್ತಿದರು. ಹುಬ್ಬಳ್ಳಿಯಿಂದ ಹೋದ ಫ್ರೀಲಾನ್ಸರ್‌ಗೆ ಯಾರು ದಿಕ್ಕು? ಪತ್ರಿಕೆಯ ಪತ್ರ, ಸರ್ಕಾರದ ಅನುಮತಿ, ಜಾಗದ ಮಾಲೀಕರ ಒಪ್ಪಿಗೆ ಮೂರೂ ಕೈಯಲ್ಲಿರಲಿ.

2. ಮುಖ ಬೇಕಿದ್ದರೆ ಕೇಳಿ. ರಸ್ತೆ ಸಾರ್ವಜನಿಕ, ಆದ್ದರಿಂದ ಫೋಟೊ ನನ್ನ ಹಕ್ಕು ಎಂಬ ವಾದ ಅಲ್ಲಿ ನಡೆಯದು. ಅಪಘಾತದಲ್ಲಿ ಗಾಯಗೊಂಡವರ, ಸತ್ತವರ ಚಿತ್ರ ತೆಗೆದರೆ 2017ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, 10,000 ರಿಯಾಲ್‌ವರೆಗೆ ದಂಡ. ನಮ್ಮ ಜಿಲ್ಲಾ ಪುಟಗಳು ಅಂಥ ಚಿತ್ರಗಳಿಂದಲೇ ತುಂಬುತ್ತಿದ್ದ ಕಾಲ ನೆನಪಿರುವವರಿಗೆ ಇದು ಬೇರೆಯೇ ಲೋಕ. ಸಾರ್ವಜನಿಕ ಜಾಗದಲ್ಲಿ ತೆಗೆದ ಒಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಅಂತರ್ಜಾಲಕ್ಕೆ ಏರಿಸುವುದನ್ನೂ 2025ರ ಸೈಬರ್ ಕಾನೂನು ತಿದ್ದುಪಡಿ ಅಪರಾಧವಾಗಿಸಿದೆ. ದಂಡ ಒಂದು ಲಕ್ಷ ರಿಯಾಲ್‌ವರೆಗೆ. ಮಹಿಳೆಯರು, ಕುಟುಂಬಗಳು ಇರುವ ಕಡೆ ಕ್ಯಾಮೆರಾ ಕೆಳಗಿರಲಿ. ಸೂಕ್ ವಾಕಿಫ್ ಮಾರುಕಟ್ಟೆಯ ಗಿಡುಗದಂಗಡಿಯಲ್ಲಿ ಒಂದು ಸಲಾಂ, ಒಂದು ಲೋಟ ಕರಕ್ ಚಹಾ, ಎರಡು ಮಾತು. ಆಮೇಲೆ ಎಷ್ಟೋ ಸಲ ಅವರೇ ಗಿಡುಗವನ್ನು ಕೈಮೇಲೆ ಕೂರಿಸಿಕೊಂಡು ಬೆಳಕಿಗೆ ಬರುತ್ತಾರೆ.

3. ಡ್ರೋನ್ ಮನೆಯಲ್ಲಿ ಬಿಡಿ. ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿಯಿಲ್ಲದೆ ಅದು ಹಾರದು.

4. ಗೋಪುರಗಳ ಚಿತ್ರ ಒಂದು ಸಂಜೆಗೆ ಮುಗಿಸಿ. ಇಸ್ಲಾಮಿಕ್ ಕಲಾ ಸಂಗ್ರಹಾಲಯದ ಉದ್ಯಾನದಲ್ಲಿ ನಿಂತು, ಮುಂದೆ ಹಳೆಯ ಧೋ ದೋಣಿ, ಹಿಂದೆ ವೆಸ್ಟ್ ಬೇ ಕಟ್ಟಡಗಳು: ಈ ಚಿತ್ರ ಎಲ್ಲರ ಹತ್ತಿರವೂ ಇದೆ, ಇದಕ್ಕೆ ಯಾವ ಸಂಪಾದಕನೂ ಹಣ ಕೊಡುವುದಿಲ್ಲ. ಜರ್ಮನಿಯ ಹರ್ಮನ್ ಬುರ್ಕಾರ್ಟ್ 1904ರಲ್ಲಿ ದೋಹಾಕ್ಕೆ ಬಂದು ತೆಗೆದ ಚಿತ್ರಗಳನ್ನು ಮೊದಲು ನೋಡಿ. ಮುತ್ತು ತೆಗೆಯುವವರ ಸಣ್ಣ ಊರು ಕಣ್ಣಿಗೆ ಬೀಳುತ್ತದೆ. ಆಮೇಲೆ ನಗರದಿಂದ ಹೊರಬೀಳಿ. ಅಲ್ ಶಹಾನಿಯಾದಲ್ಲಿ ಚಳಿಗಾಲದ ಬೆಳಿಗ್ಗೆ ಒಂಟೆಗಳ ಓಟ. ಮಕ್ಕಳನ್ನು ಸವಾರರನ್ನಾಗಿಸುವುದು ನಿಂತ ಮೇಲೆ ಒಂಟೆಯ ಬೆನ್ನ ಮೇಲಿರುವುದು ಪುಟ್ಟ ರೋಬೊ. ಮಾಲೀಕರು ಓಟದ ಪಕ್ಕದಲ್ಲೇ ಕಾರು ಓಡಿಸುತ್ತ ರಿಮೋಟ್ ಒತ್ತುತ್ತಾರೆ. ಎಲ್ಲರೂ ಒಂಟೆಗೆ ಗುರಿಯಿಟ್ಟಾಗ ನೀವು ಆ ಕಾರಿನ ಕಿಟಕಿಗೆ ಗುರಿಯಿಡಿ. ಜಿಕ್ರೀತ್ ಮರಳುಗಾಡಿನಲ್ಲಿ ಶಿಲ್ಪಿ ರಿಚರ್ಡ್ ಸೆರ್ರಾ 2014ರಲ್ಲಿ ನಿಲ್ಲಿಸಿದ ನಾಲ್ಕು ಉಕ್ಕಿನ ಫಲಕಗಳಿವೆ, ಒಂದು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸಾಲಾಗಿ. ಬುಡದಲ್ಲಿ ಒಬ್ಬ ಮನುಷ್ಯ ಇಲ್ಲದಿದ್ದರೆ ಅವುಗಳ ಎತ್ತರ ಓದುಗನಿಗೆ ತಿಳಿಯುವುದೇ ಇಲ್ಲ.

5. ಏಸಿ ಕೋಣೆಯಿಂದ ನೇರ ಹೊರಬಂದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು ತೆಗೆಯಿರಿ. ಧೂಳು ಹೊತ್ತ ಶಮಾಲ್ ಗಾಳಿ ಬೀಸುವಾಗ ಲೆನ್ಸ್ ಬದಲಿಸಬೇಡಿ.

6. ಎರಡೂವರೆ ಗಂಟೆ ಮರೆಯಬೇಡಿ. ದೋಹಾ ನಮಗಿಂತ ಅಷ್ಟು ಹಿಂದೆ. 2022ರ ಡಿಸೆಂಬರ್ 18ರಂದು ಲುಸೈಲ್‌ನಲ್ಲಿ ಸಂಜೆ 6ಕ್ಕೆ ಶುರುವಾದ ವಿಶ್ವಕಪ್ ಫೈನಲ್ ಬೆಂಗಳೂರಿಗೆ ರಾತ್ರಿ 8.30ರದ್ದು. ಹೆಚ್ಚುವರಿ ಸಮಯ, ಪೆನಾಲ್ಟಿ ಎಲ್ಲ ಮುಗಿದು ಮೆಸ್ಸಿ ಕಪ್ ಎತ್ತುವ ಹೊತ್ತಿಗೆ ದೂರದ ಜಿಲ್ಲೆಗಳ ಪುಟ ಅಚ್ಚಿಗೆ ಹೋಗುವ ಸಮಯ. ಇಂಥ ರಾತ್ರಿ ಅತ್ಯುತ್ತಮ ಚಿತ್ರಕ್ಕಾಗಿ ಕಾಯುವವನಿಗಿಂತ, ಆಟದ ನಡುವೆಯೇ ಒಂದು ಒಳ್ಳೆಯ ಚಿತ್ರ ಕಳಿಸಿಟ್ಟವನನ್ನು ಡೆಸ್ಕ್ ನೆನಪಿಟ್ಟುಕೊಳ್ಳುತ್ತದೆ.

7. ಕ್ಯಾಪ್ಶನ್‌ಗೂ ಫೋಟೊದಷ್ಟೇ ಬೆವರು ಸುರಿಸಿ. ಅದೇ ರಾತ್ರಿಯ ಮೆಸ್ಸಿ ಚಿತ್ರ ಇನ್‌ಸ್ಟಾಗ್ರಾಮ್‌ನಲ್ಲಿ ದಾಖಲೆಯ ಮೆಚ್ಚುಗೆ ಪಡೆಯಿತು. ಅದರಲ್ಲಿ ಅವರ ಕೈಯಲ್ಲಿದ್ದದ್ದು ಅಭಿಮಾನಿಗಳು ಮಾಡಿಸಿ ತಂದಿದ್ದ ನಕಲಿ ಕಪ್ ಎಂಬುದು ಆಮೇಲೆ ಹೊರಬಿತ್ತು. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ. ಹೆಸರು, ಊರು, ದಿನಾಂಕ ಅಲ್ಲೇ ಕೇಳಿ ಗುರುತುಹಾಕಿಕೊಳ್ಳಿ.

8. ಪಕ್ಕದ ಮನೆಯ ಬಾಗಿಲು ತಟ್ಟಿ. ಗಾಜಾದ ಛಾಯಾಗ್ರಾಹಕಿ ಸಮರ್ ಅಬು ಎಲೂಫ್ 2023ರ ಡಿಸೆಂಬರಿನಲ್ಲಿ ಯುದ್ಧದಿಂದ ಪಾರಾಗಿ ದೋಹಾ ಸೇರಿದರು. ಅವರಿದ್ದ ವಸತಿ ಸಮುಚ್ಚಯದಲ್ಲೇ ಮಹಮೂದ್ ಅಜ್ಜೂರ್ ಎಂಬ ಒಂಬತ್ತು ವರ್ಷದ ಹುಡುಗನಿದ್ದ. ಗಾಜಾದ ದಾಳಿಯಲ್ಲಿ ಎರಡೂ ತೋಳು ಕಳೆದುಕೊಂಡವನು. ಸಮರ್ ಅಲ್ಲಿನ ಕುಟುಂಬಗಳೊಂದಿಗೆ ಒಡನಾಡಿ ತೆಗೆದ ಅವನ ಭಾವಚಿತ್ರ 2025ರ ವರ್ಲ್ಡ್ ಪ್ರೆಸ್ ಫೋಟೊ ವರ್ಷದ ಚಿತ್ರವಾಯಿತು. ಬಾಂಬಿಲ್ಲ, ಹೊಗೆಯಿಲ್ಲ, ಬದಿಯಿಂದ ಬೀಳುವ ಬೆಳಕು ಅಷ್ಟೇ.

ಹೀಗೆ ಬಾಗಿಲು ತಟ್ಟುವುದರಲ್ಲಿ ನಮ್ಮವರಿಗೆ ಒಂದು ಅನುಕೂಲ ಅಡಗಿದೆ. ಕತಾರಿನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಅವರಲ್ಲಿ ಕನ್ನಡ, ತುಳು, ಬ್ಯಾರಿ ಮಾತಾಡುವ ಕರಾವಳಿಯವರು ಕಡಿಮೆಯಿಲ್ಲ. ಶುಕ್ರವಾರ ರಜೆ. ಬಿಸಿಲೇರುವ ಮುಂಚೆ ಖಾಲಿ ಜಾಗಗಳಲ್ಲಿ ಕ್ರಿಕೆಟ್, ಸಂಜೆ ಊರಿಗೆ ವಿಡಿಯೊ ಕಾಲ್. ಪಶ್ಚಿಮದ ದೊಡ್ಡ ಏಜೆನ್ಸಿಯವನು ದುಭಾಷಿ ಹುಡುಕುತ್ತಿರುವಾಗ ನೀವು ‘ಊರು ಯಾವುದಣ್ಣ, ಕುಂದಾಪುರವಾ?’ ಅಂದು ಚಾಪೆಯ ಮೇಲೆ ಕೂತಿರಬಹುದು.

9. ದುಡ್ಡಿನ ಮಾತು ಮೊದಲೇ ಆಗಲಿ. ಒಂದೇ ಪ್ರವಾಸದಿಂದ ಕನ್ನಡ ವಾರಪತ್ರಿಕೆಗೆ ಒಂದು ಕಥೆ, ಇಂಗ್ಲಿಷ್ ನಿಯತಕಾಲಿಕಕ್ಕೆ ಇನ್ನೊಂದು, ಏಜೆನ್ಸಿಗೆ ಬಿಡಿ ಚಿತ್ರಗಳು. ಹಾಗಾಗಬೇಕಾದರೆ ಹಕ್ಕನ್ನು ಒಬ್ಬರಿಗೇ ಬರೆದುಕೊಡಬಾರದು. ಅಲ್ಲೇ ಎಂಜಿನಿಯರೋ ಅಕೌಂಟೆಂಟೋ ಆಗಿದ್ದು ಬಿಡುವಿನಲ್ಲಿ ಮದುವೆ, ಕಾರ್ಯಕ್ರಮಗಳ ಫೋಟೊ ತೆಗೆಯುವವರು, ಹಣ ಪಡೆಯುವ ಮೊದಲು ತಮ್ಮ ಕೆಲಸದ ಪರವಾನಗಿ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಕಂಪನಿಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಲಿ.